ಮುಕ್ಕಾಲು ಇಂಚು

"ಸ್ವಾಗತ" ಎಂದು ಬರೆದು ಮಾಸ್ಟರ್ ಮೂರು ವಾರದಿಂದ ಅಲ್ಲೇ ನಿಂತಿದ್ದ. ಪದದ ಮುಂದೆ ಚುಕ್ಕಿ ಇಡಬೇಕೋ ಬೇಡವೋ ಎಂಬುದರಲ್ಲೇ ಮೊದಲ ವಾರ ಕಳೆದಿತ್ತು. ಚುಕ್ಕಿ ಇಟ್ಟರೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ ಕಾಣುತ್ತಿತ್ತು. ಇಡದಿದ್ದರೆ ಹೇಳಹೊರಟಿದ್ದು ಮರೆತು ಬಾಯಿ ತೆರೆದುಕೊಂಡು ನಿಂತವನಂತೆ. ಎರಡನೆಯ ವಾರ "ಸುಸ್ವಾಗತ" ಎಂದು ತಿದ್ದಿ ನೋಡಿದ. ಅದು ಕಾಲೊರೆಸುವ ಚಾಪೆಯ ಮೇಲಿನ ಅಕ್ಷರದಂತೆ ಕಂಡು "ಸು"ವನ್ನು ಕಿತ್ತುಹಾಕಿದ. ಮೂರನೆಯ ವಾರ ಜ್ವರ ಬರಬಹುದೆಂದು ಕಾದ, ಬರಲಿಲ್ಲ. ಈಗ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ. ಸಂಜೆ ಐದಕ್ಕೆ ಹೊಸ ವೆಬ್‌ಸೈಟ್ ಶುರುವಾಗುವುದಿತ್ತು. ಹೊಲಿಗೆ ಕಾರ್ಖಾನೆಯ ಉದ್ದನೆಯ ಕಟಿಂಗ್ ಮೇಜಿನ ಮುಂದೆ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು, ಐವತ್ತೊಂದು ವರ್ಷದ ಮನುಷ್ಯ ಒಂದು ಪದವನ್ನು ದಿಟ್ಟಿಸುತ್ತಿದ್ದ. ಮೇಜಿನ ಮೇಲೆ ಕಡುಗೆಂಪು ಬಟ್ಟೆಯ ಥಾನು ಬಿಚ್ಚಿಕೊಂಡು ಬಿದ್ದಿತ್ತು. ಒಂದು ದೊಡ್ಡ ಹೋಟೆಲಿನ ಬಾಗಿಲು ಕಾಯುವವರಿಗೆ ಇಪ್ಪತ್ತೆರಡು ಕೋಟು ಕತ್ತರಿಸಬೇಕಿತ್ತು. ಬಟ್ಟೆಯ ಎದುರು ಅವನು ಎಂದೂ ಹೀಗೆ ತಡವರಿಸಿದವನಲ್ಲ. ಬಟ್ಟೆ ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ.

ಕಾರ್ಖಾನೆಯಲ್ಲಿ ಅವನು ಕಟಿಂಗ್ ಮಾಸ್ಟರ್; ಫೋನಿನೊಳಗಿನ ಜಗತ್ತಿನಲ್ಲಿ ಅವನಿಗೆ "ಇಂಚು" ಎಂಬ ಹೆಸರು. ಆ ಜಗತ್ತಿನಲ್ಲಿ ನಲವತ್ತು ಜನರಿದ್ದರು, ಬಹಳಷ್ಟು ಮಂದಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಎಲ್ಲರೂ ಸೇರಿ ಹತ್ತು ವರ್ಷದಿಂದ "ಅಳತೆ" ಎಂಬ ತಂತ್ರಾಂಶವೊಂದನ್ನು ಕಟ್ಟುತ್ತಿದ್ದರು. ಎದೆ, ಸೊಂಟ, ಭುಜದ ಅಳತೆ ಕೊಟ್ಟರೆ ಅದು ಅಂಗಿಯ ನಕ್ಷೆ ಬರೆದುಕೊಡುತ್ತಿತ್ತು. ಅಚ್ಚು ಹಾಕಿಕೊಂಡು ಬಟ್ಟೆಯ ಮೇಲಿಟ್ಟು ಕತ್ತರಿಸಿದರಾಯಿತು. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಬಿಚ್ಚಿ ನೋಡಬಹುದು, ತಪ್ಪಿದ್ದರೆ ತಿದ್ದಿ ಎಲ್ಲರಿಗೂ ಹಂಚಬಹುದು. ಈ ಕೊನೆಯ ಮಾತು ಕಾಗದದ ಮೇಲಿತ್ತು. ತಿದ್ದಲು ಬಂದವರು ಇಂಚುವನ್ನು ದಾಟಿಕೊಂಡು ಹೋಗಬೇಕಿತ್ತು. ಗುಂಪನ್ನು ನಡೆಸುತ್ತಿದ್ದವರು ಒಬ್ಬ ಗಣಿತದ ಟೀಚರ್, ವೆಬ್‌ಸೈಟ್ ಕಟ್ಟಿದವಳು ರಜೆ ಸಿಕ್ಕಾಗ ಕಂಪ್ಯೂಟರ್ ಮುಂದೆ ಕೂರುವ ಒಬ್ಬ ನರ್ಸು. ಆದರೆ ಕತ್ತರಿ ಹಿಡಿದು ಬದುಕಿದವನು ಅವನೊಬ್ಬನೇ. ಹೀಗಾಗಿ ಕಾಲರಿನ ಬಗ್ಗೆ, ತೋಳಿನ ಬಗ್ಗೆ ಅವನಾಡಿದ್ದೇ ಕೊನೆಯ ಮಾತು. ಹಳೆಯ ವೆಬ್‌ಸೈಟ್ ಎಂದರೆ ಬೂದುಬಣ್ಣದ ಒಂದು ಪುಟ, ಅದರ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಅವನದೇ ವಾಕ್ಯ: "ಪ್ರಶ್ನೆ ಕೇಳುವ ಮೊದಲು ಓದಿ. ಓದಿದ ಮೇಲೆ ಪ್ರಶ್ನೆ ಇರುವುದಿಲ್ಲ." ಬರೆದ ದಿನ ಆ ಎರಡನೆಯ ವಾಕ್ಯದ ಬಗ್ಗೆ ಅವನಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಕಾರ್ಖಾನೆಯ ಇಸ್ತ್ರಿಯವನಿಗೂ ಓದಿ ಹೇಳಿದ್ದ.

ಗುರುವಾರ ಸಂಜೆಗಳಲ್ಲಿ ಕಂಪ್ಯೂಟರಿನಲ್ಲೇ ಎಲ್ಲರೂ ಸೇರುವ ಸಭೆ ಇರುತ್ತಿತ್ತು. ಮೂರು ವಾರದ ಹಿಂದಿನ ಸಭೆಯಲ್ಲಿ ಟೀಚರ್ ಒಂದು ಗ್ರಾಫು ತೋರಿಸಿದ್ದರು. ಮೇಲಿನ ಗೆರೆ ಬಂದ ಹೊಸಬರದು, ಕೆಳಗಿನದು ಉಳಿದವರದು. ಉಳಿದವರ ಗೆರೆ ಎಷ್ಟು ಕೆಳಗಿತ್ತೆಂದರೆ ಮಾಸ್ಟರ್ ಅದನ್ನು ಗ್ರಾಫಿನ ಅಂಚು ಎಂದೇ ತಿಳಿದಿದ್ದ. "ನಾವು ಜನಾನ ಓಡಿಸ್ತಾ ಇದೀವಿ. ಯಾರು ಅಂತ ನಾನು ಹೇಳಲ್ಲ," ಎಂದು ಟೀಚರ್ ತರಗತಿಯ ಹಿಂದಿನ ಬೆಂಚನ್ನು ನೋಡಿ ಗದರುವವರಂತೆ ಗಂಟಲು ಸರಿಮಾಡಿಕೊಂಡರು. ಆಮೇಲೆ, "ಹೊಸ ಸೈಟಿನ ಮೊದಲ ಪುಟದಲ್ಲಿ ನಾಲ್ಕು ಸ್ವಾಗತದ ಮಾತು ಬೇಕು. ಇಂಚು ಅವರೇ ಬರೀಲಿ. ಎಲ್ಲರಿಗಿಂತ ಹಳಬರು," ಎಂದರು. ಆಗಲೇ ಯಾರೋ ನಕ್ಕದ್ದು. ಜೋರಾದ ನಗುವಲ್ಲ, ತಡೆದುಕೊಂಡದ್ದು ಮೂಗಿನಿಂದ ಹೊರಟು, ಕೆಮ್ಮಾಗಲು ನೋಡಿ, ಆಗದೆ ಹೋದ ನಗು. ಅಂದಿನಿಂದ ಮಾಸ್ಟರ್ ಆ ನಗುವನ್ನು ಕಚ್ಚಾ ಹೊಲಿಗೆಯ ಕೋಟಿನಂತೆ ಒಬ್ಬೊಬ್ಬರಿಗೂ ತೊಡಿಸಿ ನೋಡುತ್ತಿದ್ದ. ನರ್ಸಿಗೆ ಭುಜದಲ್ಲಿ ಬಿಗಿಯಾಗುತ್ತಿತ್ತು. ಟೀಚರಿಗೆ ಉದ್ದವಾಯಿತು. ಎಂಬ್ರಾಯ್ಡರಿ ಭಾಗವನ್ನು ನೋಡಿಕೊಳ್ಳುವ ನಿವೃತ್ತ ಪೋಸ್ಟ್‌ಮ್ಯಾನಿಗೆ ಹೆಚ್ಚುಕಡಿಮೆ ಕೂರುತ್ತಿತ್ತು, ಹಾಗಾಗಿ ಮೂರು ವಾರದಿಂದ ಆ ಪಾಪದ ಮನುಷ್ಯನ ಸಂದೇಶಗಳಿಗೆ ಮಾಸ್ಟರ್ ಉತ್ತರವನ್ನೇ ಕೊಟ್ಟಿರಲಿಲ್ಲ.

ಹತ್ತು ಗಂಟೆಗೆ ಹೋಟೆಲಿನ ಬಾಗಿಲು ಕಾಯುವವರ ಹಿರಿಯ ಟ್ರಯಲ್‌ಗೆ ಬಂದ. ಆರಡಿಯ ಆಳು, ಮೀಸೆಗೆ ಎಣ್ಣೆ ಹಚ್ಚಿದ್ದ, ಒಳಗೆ ಬರುವಾಗ ಅಭ್ಯಾಸಬಲದಿಂದ ಬಾಗಿಲನ್ನು ಹಿಡಿದು ನಿಂತು ತನ್ನ ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಒಂದೇ ಒಂದು ಕೋಟು ಸಿದ್ಧವಾಗಿತ್ತು, ಅವನ ಅಳತೆಗೆ. ಈ ಸಲ ಮಾಲೀಕರು, "ವರ್ಷಗಟ್ಟಲೆ ಹೇಳ್ತಾನೇ ಇದೀರಲ್ಲ, ಆ ನಿಮ್ಮ ಕಂಪ್ಯೂಟರ್ ನಕ್ಷೇನೇ ಅಚ್ಚು ಹಾಕ್ಸಿ ಕತ್ತರಿಸಿ, ನೋಡೋಣ," ಎಂದಿದ್ದರು. ಮಾಸ್ಟರ್ ಕೈಯಿಂದ ಒಂದು ಗೆರೆಯನ್ನೂ ಎಳೆಯದೆ, ಅಚ್ಚಾದ ನಕ್ಷೆಯ ಮೇಲೇ ಕತ್ತರಿ ಆಡಿಸಿದ್ದ ಮೊದಲ ಕೋಟು ಇದು. ಭುಜ ನೀಟಾಗಿ ಕೂತಿತು. ಬೆನ್ನಲ್ಲಿ ಒಂದು ಸುಕ್ಕಿಲ್ಲ. ಮಾಸ್ಟರ್ ಎರಡು ಹೆಜ್ಜೆ ಹಿಂದೆ ಸರಿದು, ತನ್ನದೇ ಮದುವೆಯ ಫೋಟೋ ನೋಡುವವನಂತೆ ನೋಡಿದ. ಆಗ ಬಾಗಿಲಿನವ ಕನ್ನಡಿಯ ಮುಂದೆ ಬಲಗೈ ಎತ್ತಿ ಒಂದು ಸಲಾಮು ಹೊಡೆದ. ಕೋಟಿಗೆ ಕೋಟೇ ಮೇಲೆದ್ದಿತು. ಅಂಚು ಸೊಂಟಕ್ಕೆ ಬಂತು, ಗುಂಡಿಗಳು ಓರೆಯಾದವು, ಕಾಲರು ಹೋಗಿ ಕಿವಿಗೆ ತಾಗಿತು.

"ನೋಡಿ," ಎಂದ ಬಾಗಿಲಿನವ, ಹಾಗೇ ನಿಂತು.

"ಕೈ ಇಳಿಸಿ," ಎಂದ ಮಾಸ್ಟರ್.

ಇಳಿಸಿದ. ಕೋಟೂ ಇಳಿಯಿತು.

"ಸರಿಯಾಗಿದೆಯಲ್ಲ."

"ಕೈ ಇಳಿಸಿದ್ರೆ ಸರಿಯಾಗೇ ಇದೆ ಮಾಸ್ಟ್ರೇ. ಆದ್ರೆ ನನ್ನ ಕೆಲಸ ಇರೋದೇ ಕೈ ಎತ್ತೋದು. ಕೈ ಇಳಿಸ್ಕೊಂಡು ನಿಲ್ಲೋಕೆ ನಾನ್ಯಾಕೆ, ಅಲ್ಲೊಂದು ಕಂಬ ನಿಲ್ಲಿಸಿದ್ರೆ ಸಾಕು."

ಅವನೇನೂ ಸಿಟ್ಟಿನಿಂದ ಹೇಳಲಿಲ್ಲ. ಮಾಸ್ಟರ್ ಹತ್ತಿರ ಹೋಗಿ ಅವನ ಕಂಕುಳಿಗೆ ಬೆರಳಿಟ್ಟು ನೋಡಿದ. ತೋಳು ಸೇರುವ ಜಾಗ ಕೆಳಗೆ ಬಿದ್ದಿತ್ತು. ತೋಳು ಎತ್ತಿದಾಗ ಅದು ಮೈಯ ಬಟ್ಟೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ಎಷ್ಟು ಮೇಲೆ ಇರಬೇಕಿತ್ತೆಂದು ನೋಡಲು ಸೀಮೆಸುಣ್ಣ ಹಿಡಿದ. ಕೈ ತಾನಾಗಿ ಹೋಗಿ ಹೊಲಿಗೆಗಿಂತ ಮುಕ್ಕಾಲು ಇಂಚು ಮೇಲೆ ಒಂದು ಗೆರೆ ಎಳೆಯಿತು. ಯೋಚನೆಯೇ ಇಲ್ಲದೆ ಎಳೆಯಿತು. ಮಾಸ್ಟರ್ ಆ ಗೆರೆಯನ್ನು ನೋಡುತ್ತ ನಿಂತ. ಮೂವತ್ತು ವರ್ಷದಿಂದ ಅವನ ಕೈ ಪ್ರತಿಯೊಂದು ಅಂಗಿಯಲ್ಲೂ ಆ ಮುಕ್ಕಾಲು ಇಂಚನ್ನು ಅವನಿಗೆ ಹೇಳದೆ ಏರಿಸುತ್ತ ಬಂದಿತ್ತು. ಹತ್ತು ವರ್ಷದ ಹಿಂದೆ ತಂತ್ರಾಂಶಕ್ಕೆ ಲೆಕ್ಕ ಬರೆದುಕೊಡುವಾಗ, ಎದೆಯ ಕಾಲು ಭಾಗಕ್ಕೆ ಇಷ್ಟು ಸೇರಿಸಿ ಎಂದು ಬಾಯಿಪಾಠ ಒಪ್ಪಿಸಿದ್ದ; ಕೈಯನ್ನು ಕೇಳಿರಲಿಲ್ಲ. ಕೈಪಿಡಿಯಲ್ಲಿ ಆ ಲೆಕ್ಕವಿರುವ ಹದಿನಾಲ್ಕನೆಯ ಪುಟ, ಎಂದುಕೊಂಡ. ಆ ಪುಟದ ಸಂಖ್ಯೆಯ ಹಿಂದೆಯೇ ಬೇರೇನೋ ನೆನಪಾಗಿ, ಕನ್ನಡಿಯೊಳಗೆ ಅವನ ಕಿವಿಗಳು ಕೋಟಿನ ಬಣ್ಣಕ್ಕೆ ತಿರುಗಿದವು.

"ಸೋಮವಾರ ಬನ್ನಿ," ಎಂದ ಬಾಗಿಲಿನವನಿಗೆ. "ಬೇರೆ ಕತ್ತರಿಸ್ತೀನಿ. ತಪ್ಪು ನಮ್ಮದು." 'ನಮ್ಮದು' ಎಂದು ಬಹುವಚನ ಹಾಕಿಕೊಂಡದ್ದು ಅವನ ಗಮನಕ್ಕೆ ಬಂತು, ತಿದ್ದಿಕೊಳ್ಳಲಿಲ್ಲ.

ಊಟದ ಹೊತ್ತಿಗೆ ಇಸ್ತ್ರಿ ಕೋಣೆಯ ಮೂಲೆಯಲ್ಲಿ, ಹಬೆಯ ನಡುವೆ ಸ್ಟೂಲಿನ ಮೇಲೆ ಕೂತು, ಫೋನಿನಲ್ಲಿ ಹಳೆಯ ಚರ್ಚೆಗಳನ್ನು ಹಿಂದಕ್ಕೆ ಹಿಂದಕ್ಕೆ ತಳ್ಳುತ್ತ ಹೋದ. ಆರು ವರ್ಷದಷ್ಟು ಹಿಂದೆ ಅದು ಸಿಕ್ಕಿತು. "ಬಿಡುವು" ಎಂಬ ಹೆಸರಿನ ಯಾರೋ ಬರೆದಿದ್ದರು: "ನಮಸ್ಕಾರ. ನಾನು ಹೊಸಬಳು, ತಪ್ಪಿದ್ದರೆ ತಿದ್ದಿ. ನಿಮ್ಮ ನಕ್ಷೆಯಿಂದ ನನಗೊಂದು ಅಂಗಿ ಹೊಲಿದುಕೊಂಡೆ. ಮೇಲಿನ ಶೆಲ್ಫಿನ ಡಬ್ಬಕ್ಕೆ ಕೈ ಎತ್ತಿದರೆ ಅಂಗಿಯೇ ಎದ್ದು ಬರುತ್ತದೆ. ಕಂಕುಳಿನ ಲೆಕ್ಕ ಒಮ್ಮೆ ನೋಡುತ್ತೀರಾ? ಫೋಟೋ ಹಾಕಿದ್ದೇನೆ." ಅದರ ಕೆಳಗೆ ಇಂಚು: "ಓದಲು ಬರುತ್ತದೆ ತಾನೆ? ಹದಿನಾಲ್ಕನೆಯ ಪುಟ ನೋಡು. ಕೈ ಎತ್ತಿದರೆ ಅಂಗಿ ಏಳುತ್ತದೆ. ಕೈ ಇಳಿಸು." ಅದಕ್ಕೂ ಕೆಳಗೆ ಹನ್ನೊಂದು ನಗುವ ಮುಖಗಳು. ಆ ಉತ್ತರ ಗುಂಪಿನಲ್ಲಿ ಮನೆಮಾತಾಗಿತ್ತು. ಯಾರಾದರೂ ಪೆದ್ದು ಪ್ರಶ್ನೆ ಕೇಳಿದರೆ ಸಾಕು, ಇನ್ನೊಬ್ಬರು "ಕೈ ಇಳಿಸು" ಎನ್ನುವರು, ಎಲ್ಲರೂ ನಗುವರು. ಕಂಕುಳಿನ ಬಗ್ಗೆ ಆಮೇಲೆ ಯಾರೂ ಬಾಯಿ ಬಿಡದೆ ಇದ್ದದ್ದು ಯಾಕೆಂದು ಈಗ ಹೊಳೆಯಿತು. ಅಂದು ರಾತ್ರಿ ಊಟಕ್ಕೆ ಕೂತಾಗ ತಾನು ಇದನ್ನು ಮನೆಯಲ್ಲೂ ಹೇಳಿ ನಕ್ಕಿದ್ದೂ ನೆನಪಾಯಿತು. ಹೆಂಡತಿ ನಗಲಿಲ್ಲ. ಅತ್ತೆ ಮಾತ್ರ, "ಪಾಪ, ಅವರಿಗೆ ಗೊತ್ತಿರ್ಲಿಲ್ಲವೇನೋ," ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ್ದರು.

ಫೋಟೋವನ್ನು ಅವನು ಅಂದು ತೆರೆದು ನೋಡಿರಲಿಲ್ಲ. ಫೋಟೋ ನೋಡುವುದೆಂದರೆ ಹೊಸಬರನ್ನು ಮುದ್ದು ಮಾಡಿದಂತೆ ಎಂಬುದು ಆಗ ಅವನ ನಿಲುವು. ಈಗ ತೆರೆದ. ಹಿಂದಿನಿಂದ ತೆಗೆದ ಚಿತ್ರ, ತಲೆ ಅದರಲ್ಲಿ ಬಂದಿರಲಿಲ್ಲ. ಹಳದಿ ಹೂವಿನ ಅಂಗಿ ತೊಟ್ಟ ಒಬ್ಬ ಹೆಂಗಸು ಶೆಲ್ಫಿನತ್ತ ಕೈ ಎತ್ತಿದ್ದಳು, ಅಂಗಿ ಎದ್ದು ನಾಲ್ಕು ಬೆರಳು ಬೆನ್ನು ಕಾಣುತ್ತಿತ್ತು. ಮಾಸ್ಟರ್ ಮೊದಲು ಕಸುಬಿನ ಕಣ್ಣಿನಿಂದ ನೋಡಿದ. ಬೆನ್ನು ಸ್ವಲ್ಪ ಬಾಗಿದೆ, ಬಲ ಭುಜ ಕೆಳಗಿದೆ, ವಯಸ್ಸು ಅರವತ್ತರ ಮೇಲೆ, ಮುಕ್ಕಾಲು ಇಂಚು, ಸಂಶಯವೇ ಇಲ್ಲ. ಆಮೇಲೆ ಡಬ್ಬದ ಕಡೆ ಕಣ್ಣು ಹೋಯಿತು. ನೀಲಿ ಡಬ್ಬ, ಹೊಟ್ಟೆಯಲ್ಲಿ ಒಂದು ನೆಗ್ಗು. ಆ ನೆಗ್ಗನ್ನು ಅವನು ಬಲ್ಲ. ಬಲ್ಬು ಹಾಕಲು ಹೋಗಿ ಸ್ಟೂಲಿನಿಂದ ಬಿದ್ದಾಗ ಅವನ ಮೊಣಕೈ ಮಾಡಿದ ನೆಗ್ಗು ಅದು. ಗೋಡೆಯ ಮೇಲೆ ಹತ್ತು ನಿಮಿಷ ಮುಂದಿರುವ ಗಡಿಯಾರ. ಅದರ ಪಕ್ಕ ಇದೇ ಕಾರ್ಖಾನೆಯ ಕ್ಯಾಲೆಂಡರು. ಫೋನನ್ನು ತಟಕ್ಕನೆ ಮಡಿಲಿಗೆ ಕವುಚಿ ಹಾಕಿ ಸುತ್ತ ನೋಡಿದ. ಇಸ್ತ್ರಿಯವನು ತನ್ನ ಪಾಡಿಗೆ ತಾನು ಪ್ಯಾಂಟಿನ ಗೆರೆ ಕೂರಿಸುತ್ತಿದ್ದ. ಮಾಸ್ಟರ್ ಈಗತಾನೆ ಒಂದು ನಿಮಿಷ ಪೂರ್ತಿ ತನ್ನ ಅತ್ತೆಯ ಬೆನ್ನನ್ನು ಅಳೆದಿದ್ದ.

ಅದಕ್ಕಿಂತಲೂ ಬೇರೊಂದು ಹೆಚ್ಚು ಚುಚ್ಚಿತು. ನೋಡು. ಇಳಿಸು. ಎರಡು ಕ್ರಿಯಾಪದ, ಎರಡೂ ಏಕವಚನ. ಅತ್ತೆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ನಿವೃತ್ತರಾದವರು, ಅಳಿಯನನ್ನು 'ಅಳಿಯಂದ್ರೆ' ಎಂದಲ್ಲದೆ ಕರೆದವರಲ್ಲ. ಅವನೂ ಅಷ್ಟೇ, ಅವರ ಮುಂದೆ ಕಾಲ ಮೇಲೆ ಕಾಲು ಹಾಕಿದವನಲ್ಲ. ನೇರವಾಗಿ ಏನನ್ನಾದರೂ ಕೇಳುವುದೇ ಸಲಿಗೆಯಾದೀತೆಂದು, "ಟೀ ಇದೆಯಾ", "ಪೇಪರ್ ಓದಿ ಆಯ್ತಾ" ಎಂದು ಗೋಡೆಗೆ ಕೇಳುವವನಂತೆ ಕೇಳುತ್ತಿದ್ದ. ಅಷ್ಟು ಜೋಪಾನ ಮಾಡಿದ ಮರ್ಯಾದೆಯನ್ನು ಎರಡು ಪದದಲ್ಲಿ, ಅದೂ ಹನ್ನೊಂದು ಜನರನ್ನು ನಗಿಸುತ್ತ, ತೂರಿಬಿಟ್ಟಿದ್ದ. ಎದ್ದು ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಇರುವ ಹೊತ್ತು.

"ಆರು ವರ್ಷದ ಹಿಂದೆ ಅತ್ತೆ ಏನಾದ್ರೂ ಹೊಲ್ಕೊಂಡಿದ್ರಾ?"

"ದಿನಕ್ಕೆರಡು, ಊಟ ಆದ್ಮೇಲೆ," ಎಂದಳು ಹೆಂಡತಿ. "ನಿಮಗಲ್ಲ, ಇಲ್ಲಿ ಒಬ್ಬರಿಗೆ ಹೇಳಿದ್ದು. ಏನ್ ಕೇಳಿದ್ರಿ?"

ಮತ್ತೆ ಕೇಳಿದ. ಆ ಕಡೆ ಮಾತ್ರೆಯ ಹಾಳೆ ಕತ್ತರಿಸುವ ಸದ್ದು ನಿಂತಿತು.

"ಓ. ಈಗ ಗೊತ್ತಾಯ್ತಾ."

"ನಿನಗೆ ಗೊತ್ತಿತ್ತಾ?"

"ಫೋಟೋ ತೆಗೆದಿದ್ದೇ ನಾನಲ್ವಾ."

"ಒಂದು ಮಾತು ಹೇಳ್ಬಾರದಿತ್ತಾ?"

"ಅಮ್ಮ ಬೇಡ ಅಂದ್ಲು. ಅಳಿಯಂದ್ರಿಗೆ ಮುಜುಗರ ಆಗುತ್ತೆ ಅಂದ್ಲು. ನಾನೂ ನೋಡೋಣ, ಯಾವತ್ತು ಆ ಫೋಟೋ ತೆರೀತೀರೋ ಅಂತ ಸುಮ್ಮನಿದ್ದೆ. ಇಷ್ಟು ದಿನ ಆಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ." ಮತ್ತೆ ಯಾರಿಗೋ, "ಚಿಕ್ಕೋರಾದ್ರೆ ಅರ್ಧ ಸಾಕು," ಎಂದು ಫೋನಿಟ್ಟಳು.

ತಲೆನೋವೆಂದು ಹೇಳಿ ಮೂರೂವರೆಗೇ ಹೊರಟ. ಮನೆ ಇಪ್ಪತ್ತು ನಿಮಿಷದ ದಾರಿ. ನಲವತ್ತು ನಿಮಿಷ ನಡೆದ. ಒಂದೊಂದು ಅಂಗಡಿಯ ಮುಂದೂ ನಿಂತು ಬಾಗಿಲ ಮೇಲೆ ಏನು ಬರೆದಿದ್ದಾರೆಂದು ಓದಿದ. "ದಯವಿಟ್ಟು ತಳ್ಳಿ." "ಚಿಲ್ಲರೆ ಕೊಟ್ಟು ಸಹಕರಿಸಿ." "ಸಾಲ ಕೇಳಬೇಡಿ." ಎಲ್ಲರೂ ಬಹುವಚನದಲ್ಲಿಯೇ ಬರೆದಿದ್ದರು, ಸಾಲ ಕೇಳಲು ಬರುವವನಿಗೂ. ಮನಸ್ಸಿನಲ್ಲಿ ಕ್ಷಮೆಯ ಮಾತನ್ನು ಹೆಣೆಯುತ್ತ ಬಂದ. 'ಅತ್ತೆ, ಗೊತ್ತಿಲ್ಲದೆ ಆಯಿತು.' ಹಾಗಾದರೆ ಗೊತ್ತಿದ್ದರೆ ಬೇರೆಯವರ ಅತ್ತೆಗೆ ಹಾಗೆನ್ನಬಹುದಿತ್ತೇ? 'ಅತ್ತೆ, ಯಾರೋ ಅಂದುಕೊಂಡೆ.' ಇದು ಇನ್ನೂ ಕೆಟ್ಟದ್ದು. ಮೆಟ್ಟಿಲು ಹತ್ತುವ ಹೊತ್ತಿಗೆ ಒಂದು ವಾಕ್ಯವೂ ಕೈಯಲ್ಲಿ ಉಳಿದಿರಲಿಲ್ಲ. ಅತ್ತೆ ಮುಂಭಾಗದ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಕೂತು ಟ್ಯಾಬಿನಲ್ಲಿ ಏನೋ ಓದುತ್ತಿದ್ದರು. ಅವರು ಸದಾ ಓದುತ್ತಲೇ ಇರುತ್ತಾರೆಂದು ಅವನಿಗೆ ಗೊತ್ತಿತ್ತು; ಏನನ್ನು ಎಂದು ಈವರೆಗೆ ಕೇಳಿರಲಿಲ್ಲ.

"ಇವತ್ತು ಬೇಗ ಬಂದ್ರಿ ಅಳಿಯಂದ್ರೆ."

"ಹೌದು. ಕೋಟಿನ ಕೆಲಸ ನಿಲ್ಲಿಸ್ದೆ. ನಕ್ಷೆಯಲ್ಲಿ ತಪ್ಪಿದೆ."

"ಎಲ್ಲಿ?"

"ಕಂಕುಳಲ್ಲಿ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಎಷ್ಟು?"

"ಮುಕ್ಕಾಲು ಇಂಚು."

"ನನಗೆ ಒಂದು ಇಂಚು ಅನ್ಸಿತ್ತು," ಎಂದರು. "ನಾನು ಸರಿಯಾಗಿ ಅಳೆದಿರ್ಲಿಲ್ಲವೇನೋ."

ಮಾಸ್ಟರ್ ಕುರ್ಚಿಯ ತುದಿಯಲ್ಲಿ ಕೂತ. ಎದ್ದ. ಮತ್ತೆ ಕೂತ. "ಅತ್ತೆ, ಅವತ್ತು ನಾನು ಬರ್ದಿದ್ದು..."

"ಯಾವತ್ತು?"

ಬಿಟ್ಟುಕೊಡುವವರಲ್ಲ ಅವರು, ಎಂದುಕೊಂಡ. ಬಾಯಿಬಿಟ್ಟು ಹೇಳಲೇಬೇಕು. "ಕೈ ಇಳಿಸು ಅಂತ."

"ಇಳಿಸಿದೀನಲ್ಲ ಅಳಿಯಂದ್ರೆ. ಡಬ್ಬಗಳನ್ನೆಲ್ಲ ಕೆಳಗಿನ ಶೆಲ್ಫಿಗೆ ತಂದಿಟ್ಕೊಂಡು ಆರು ವರ್ಷ ಆಯ್ತು."

ಸಕ್ಕರೆಗಾಗಿ ದಿನಾ ಬೆಳಿಗ್ಗೆ ನೆಲಕ್ಕೆ ಬಾಗಿ, ಏಳುವಾಗ ಸೊಂಟ ಹಿಡಿದುಕೊಂಡು ಅವನು ಆರು ವರ್ಷದಿಂದ ಗೊಣಗುತ್ತಿದ್ದ. ಕೆಳಗೆ ಯಾಕಿಟ್ಟರೆಂದು ಗೋಡೆಯನ್ನೂ ಕೇಳಿರಲಿಲ್ಲ. "ಆಮೇಲೆ ನೀವು ಅಲ್ಲಿ ಬರ್ಲೇ ಇಲ್ಲ," ಎಂದ, ಆರೋಪಿಸುವ ದನಿಯಲ್ಲಿ. ದನಿಯನ್ನು ಸರಿಪಡಿಸಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ.

"ಇದ್ದೆನಲ್ಲ. ಓದು ಅಂದ್ರಿ, ಓದ್ತಾ ಇದ್ದೆ. ಗುರುವಾರದ ಸಭೆಗೂ ಬರ್ತೀನಿ, ಒಳಗಿನ ರೂಮಿಂದ. ಮಾತಾಡಲ್ಲ ಅಷ್ಟೇ."

ಒಳಗಿನ ರೂಮು. ತಾನು ಹೊರಗಿನ ಕೋಣೆಯಲ್ಲಿ ಕೂತು ನಲವತ್ತು ಜನರ ಮುಂದೆ ಗುಡುಗುತ್ತಿದ್ದಾಗ, ಅದೇ ಗುಡುಗು ಒಮ್ಮೆ ಗೋಡೆಯ ಮೂಲಕ, ಒಮ್ಮೆ ಟ್ಯಾಬಿನ ಮೂಲಕ ಎರಡೆರಡು ಸಲ ಅತ್ತೆಯನ್ನು ತಲುಪುತ್ತಿತ್ತು. ಆ ನಗು ಈಗ ತಾನಾಗಿಯೇ ನಡೆದು ಬಂದು ಒಬ್ಬರ ಮೈಗೆ ಕೂತಿತು. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಿಗಿಯಿಲ್ಲ.

"ಹಾಗಾದ್ರೆ ಮೂರು ವಾರದ ಹಿಂದೆ ಸಭೆಯಲ್ಲಿ ನಕ್ಕಿದ್ದು..."

ಅತ್ತೆ ತಲೆ ತಗ್ಗಿಸಿದರು. "ಮೂವತ್ತೊಂದು ವರ್ಷ ಎಕ್ಸ್‌ಚೇಂಜಲ್ಲಿ ಕೂತಿದ್ದೆ, ಒಂದು ದಿನ ಲೈನಲ್ಲಿ ನಕ್ಕಿಲ್ಲ. ಅವತ್ತು ಮೈಕ್ ಮುಚ್ಚೋ ಬಟನ್ ಒತ್ತೋದು ಮರ್ತುಬಿಟ್ಟೆ. ತಪ್ಪಾಯ್ತು ಅಳಿಯಂದ್ರೆ, ಮನಸ್ಸಿಗೆ ಹಚ್ಕೋಬೇಡಿ."

ಕ್ಷಮೆ ಕೇಳಲು ಬಂದವನ ಕೈಯಿಂದ ಕ್ಷಮೆಯನ್ನೂ ಕಿತ್ತುಕೊಂಡಂತಾಯಿತು. ಇನ್ನು ತಾನು ಏನೆಂದರೂ ಅದು ಅವರ ಮಾತಿಗೆ ಉತ್ತರವಾಗುತ್ತದೆ, ತಾನಾಗಿ ಆಡಿದ ಮಾತಾಗುವುದಿಲ್ಲ. ಮಾಸ್ಟರಿಗೆ ಒಂದು ಕ್ಷಣ ಅವರ ಮೇಲೇ ಸಿಟ್ಟು ಬಂತು. ಮರುಕ್ಷಣವೇ ಆ ಸಿಟ್ಟಿನ ಬಗ್ಗೆ ನಾಚಿಕೆ. ಪೋಸ್ಟ್‌ಮ್ಯಾನಿನ ಉತ್ತರವಿಲ್ಲದ ಏಳು ಸಂದೇಶಗಳೂ ನೆನಪಾದವು. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು, ಎಂದರೆ ನಾಲ್ಕು ಇಪ್ಪತ್ತು. ಅವನು ಕಂಪ್ಯೂಟರ್ ಮುಂದೆ ಹೋಗಿ ಕೂತ. ಈ ಸಲ ಚುಕ್ಕಿಯ ಯೋಚನೆ ಬರಲಿಲ್ಲ. ಬಟ್ಟೆಯ ಮೇಲೆ ಗೆರೆ ಎಳೆದಂತೆ, ಎತ್ತದೆ, ಒಂದೇ ಸಮನೆ ಬರೆದ:

"ಸ್ವಾಗತ. ನಮ್ಮ ನಕ್ಷೆಯಲ್ಲಿ ತಪ್ಪಿದೆ. ಕಂಕುಳು ಮುಕ್ಕಾಲು ಇಂಚು ಮೇಲೆ ಇರಬೇಕು. ಆರು ವರ್ಷದ ಹಿಂದೆ ಒಬ್ಬರು ಇದನ್ನು ಕೇಳಿದ್ದರು, ಫೋಟೋ ಕೂಡ ಹಾಕಿದ್ದರು. ನಾನು ಫೋಟೋ ನೋಡದೆ ಉತ್ತರ ಕೊಟ್ಟೆ. ನನ್ನ ಉತ್ತರ ತಪ್ಪು, ಅದನ್ನು ಹೇಳಿದ ರೀತಿ ಇನ್ನೂ ತಪ್ಪು. ಅವರು ಕ್ಷಮಿಸಬೇಕು. ನಿಮಗೂ ಏನಾದರೂ ಸರಿ ಕಾಣದಿದ್ದರೆ ಕೇಳಿ. ಹದಿನಾಲ್ಕನೆಯ ಪುಟವನ್ನು ಓದಬೇಡಿ, ಅದನ್ನು ಈಗ ತಿದ್ದುತ್ತಿದ್ದೇವೆ. ಬನ್ನಿ. — ಇಂಚು."

ನಾಲ್ಕು ಐವತ್ತಕ್ಕೆ ಕಳಿಸಿದ. ಐದಕ್ಕೆ ಬೂದು ಪುಟ ಮಾಯವಾಗಿ ಹೊಸದು ಬಂತು. ಎಳೆ ಹಸಿರು ಬಣ್ಣ, ದೊಡ್ಡ ಅಕ್ಷರ, ಮೇಲೆ ಅವನ ಮಾತು. ಒಳಗೆ ಹೋಗಿ ಹದಿನಾಲ್ಕನೆಯ ಪುಟ ತಿದ್ದಲು ನೋಡಿದರೆ, ಬಾಗಿಲು ತೆರೆಯಲಿಲ್ಲ. ನಿಮ್ಮ ಖಾತೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ, ಎಂದಿತು ಪರದೆ, ಬಹಳ ವಿನಯದಿಂದ. ಮತ್ತೊಮ್ಮೆ ನೋಡಿದ. ಮತ್ತೊಮ್ಮೆ ವಿನಯ. ಟೀಚರಿಗೆ ಫೋನ್ ಮಾಡಿದ.

"ನಾನೇ ಮಾಡೋಳಿದ್ದೆ," ಎಂದರು ಟೀಚರ್ ಏದುಸಿರಿನಲ್ಲಿ. "ನೀವೇನೂ ಗಾಬರಿಯಾಗ್ಬೇಡಿ ಇಂಚು ಅವರೇ. ನಿಮ್ಮ ಹೆಸರಲ್ಲಿ ಯಾರೋ ಕಳ್ಳ ಒಳಗೆ ನುಗ್ಗಿದಾನೆ. 'ನನ್ನ ಉತ್ತರ ತಪ್ಪು, ಕ್ಷಮಿಸಬೇಕು' ಅಂತೆಲ್ಲ ಬರ್ದಿದಾನೆ. ಓದಿದ ತಕ್ಷಣ ಎಲ್ಲರಿಗೂ ಗೊತ್ತಾಯ್ತು, ಇದು ನೀವಲ್ಲ ಅಂತ. ಎರಡೇ ನಿಮಿಷದಲ್ಲಿ ಬೀಗ ಹಾಕ್ಸಿದೆ."

"ಅದು ಬರ್ದಿದ್ದು ನಾನೇ."

"ಈಗ ಮಾತಾಡ್ತಿರೋದು ಇಂಚು ಅವರೇನಾ?"

"ಟೀಚರೇ, ಅಲ್ಲಿ ಬರ್ದಿರೋದನ್ನ ಇನ್ನೊಂದ್ಸಲ ಸರಿಯಾಗಿ ನೋಡಿ. ಓದೋಕೆ ಬರುತ್ತೆ ತಾನೆ?"

"ಹಾಂ, ನೀವೇ," ಎಂದರು ಟೀಚರ್, ನೆಮ್ಮದಿಯಿಂದ.

ಆದರೆ ಬೀಗ ತೆಗೆಯುವುದು ನರ್ಸಿಗೆ ಮಾತ್ರ ಗೊತ್ತಿತ್ತು, ಅವಳು ಡ್ಯೂಟಿಗೆ ಹೋಗಿಯಾಗಿತ್ತು, ಇನ್ನು ಕೈಗೆ ಸಿಗುವುದು ನಾಳೆ. "ಅಲ್ಲಿವರೆಗೆ ಹೊಸಬರ ಫಾರಂ ತುಂಬಿ ಬನ್ನಿ," ಎಂದರು ಟೀಚರ್. "ಗುಂಪಿಗೆ ಬಂದು ಒಂದು ವರ್ಷ ದಾಟಿದ ಯಾರಾದ್ರೂ ಒಪ್ಪಬಹುದು. ನನಗೆ ಆಗಲ್ಲ, ಆಗಲೇ ಹದಿನೇಳು ಪ್ರಶ್ನೆ ಬಂದು ಕೂತಿವೆ. ಕಂಕುಳಿನದ್ದೇ ಒಂಬತ್ತು. ಈಗ ಆನ್‌ಲೈನ್ ಇರೋದು... ಬಿಡುವು ಅಂತ ಒಬ್ಬರಿದಾರೆ. ಅವರು ನೋಡ್ತಾರೆ ಬಿಡಿ."

"ಆ ಬರಹ ತೆಗೆದ್ಬಿಟ್ರಾ?"

"ಇಲ್ಲ. ಕಳ್ಳ ಆದ್ರೂ ಚೆನ್ನಾಗಿ ಬರ್ದಿದಾನೆ, ಇರ್ಲಿ ಅಂತ ಎಲ್ಲರೂ ಅಂದ್ರು."

ಮಾಸ್ಟರ್ ಫಾರಂ ತೆರೆದ. ಹೆಸರು ಎಂದಿದ್ದಲ್ಲಿ "ಇಂಚು" ಎಂದರೆ, ಆ ಹೆಸರಿನವರು ಈಗಾಗಲೇ ಇದ್ದಾರೆ ಎಂದಿತು. ಬೇಕಿದ್ದರೆ "ಇಂಚು೨" ಆಗಬಹುದೆಂದಿತು. ಆದ. ಕೊನೆಯ ಪ್ರಶ್ನೆಗೆ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟು ಕಳಿಸಿದ. "ಧನ್ಯವಾದ. ನಮ್ಮಲ್ಲಿ ಒಬ್ಬರು ನಿಮ್ಮನ್ನು ಬೇಗ ಬರಮಾಡಿಕೊಳ್ಳುತ್ತಾರೆ, ಸ್ವಲ್ಪ ಕಾಯಿರಿ," ಎಂದಿತು ಪರದೆ. ಕಿಟಕಿಯ ಬಳಿ ಟ್ಯಾಬು ಟಿಣ್ ಎಂದಿತು. ಅತ್ತೆ ಅದನ್ನು ಮುಖದ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದರು. ಮಾಸ್ಟರ್ ಪರದೆಯನ್ನು ನೋಡಿದ, ಅತ್ತೆಯನ್ನು ನೋಡಿದ. ಒಂದು ನಿಮಿಷವಾಯಿತು. ಮೂರಾಯಿತು. ಕೋಣೆಯ ಆ ತುದಿಗೂ ಈ ತುದಿಗೂ ಎಂಟು ಹೆಜ್ಜೆಯಿತ್ತು. ಹೋಗಿ ಕೇಳಬಹುದು, ಆದರೆ ಹೊಸಬರು ಹಾಗೆ ಹೋಗಿ ಕೇಳುವುದು ಚೆನ್ನಾಗಿರುತ್ತದೆಯೇ ಎಂಬುದು ಗೊತ್ತಾಗಲಿಲ್ಲ. ಎದ್ದುಹೋದ.

"ಬಂದಿದೆಯಾ?" ಎಂದು ಗೋಡೆಗೆ ಕೇಳಿದ. ಆಮೇಲೆ ಅತ್ತೆಯ ಕಡೆ ತಿರುಗಿ, "ನನ್ನ ಅರ್ಜಿ ಬಂತಾ ಅತ್ತೆ? ನೀವು ನೋಡಿದ್ರಾ?" ಎಂದ.

"ಬಂದಿದೆ. ಓದ್ತಾ ಇದೀನಿ. ಸರಿಯಾಗಿ ಓದಿ ಒಪ್ಪಬೇಕಲ್ಲ." ಪಕ್ಕದ ಬುಟ್ಟಿಯಿಂದ ಅರ್ಧ ಹೊಲಿದ ಗೌನೊಂದನ್ನು ತೆಗೆದು ಅವನತ್ತ ಚಾಚಿದರು. "ಅಷ್ಟರಲ್ಲಿ ಇದೊಂದು ಮಾಡ್ಕೊಡ್ತೀರಾ? ನಿಮ್ಮ ಹೆಂಡ್ತಿಗೆ ಅಂತ ಹೊಲೀತಿದ್ದೆ, ಎಡಗಡೆ ತೋಳು ಬಲಗಡೆ ಹಾಕ್ಬಿಟ್ಟಿದೀನಿ. ಬಿಚ್ಚೋಕೆ ಕಣ್ಣು ಸಾಲ್ತಾ ಇಲ್ಲ."

ಹೊಲಿಗೆ ಬಿಚ್ಚುವುದು ಕಲಿಯಲು ಬಂದವರ ಕೆಲಸ. ಮಾಸ್ಟರ್ ಅದನ್ನು ಮಾಡಿ ಮೂವತ್ತು ವರ್ಷದ ಮೇಲಾಗಿತ್ತು. ಕಿಟಕಿಯ ಕೆಳಗೆ ನೆಲದ ಮೇಲೆ ಕಾಲು ಮಡಿಚಿ ಕೂತು, ಸಣ್ಣ ಕತ್ತರಿಯ ತುದಿಯಿಂದ ಮೊದಲ ಗಂಟನ್ನು ಎತ್ತಿದ. ಅತ್ತೆಯ ಹೊಲಿಗೆ ಬಿಗಿಯಾಗಿತ್ತು, ಒಂದೊಂದೂ ಒಂದೇ ಅಳತೆ. ಬಟ್ಟೆಗೆ ಗಾಯವಾಗದಂತೆ ಒಂದು ಬಿಟ್ಟು ಒಂದನ್ನು ಕತ್ತರಿಸಿ ದಾರ ಎಳೆಯಬೇಕಿತ್ತು. ಅವಸರ ಮಾಡುವ ಹಾಗಿರಲಿಲ್ಲ. ಹೆಂಡತಿ ಆರು ಗಂಟೆಗೆ ಬೀಗದ ಕೈ ತಿರುಗಿಸಿ ಒಳಗೆ ಬಂದಳು, ನೆಲದ ಮೇಲೆ ಕೂತ ಗಂಡನನ್ನೂ ಕುರ್ಚಿಯಲ್ಲಿ ಕೂತ ಅಮ್ಮನನ್ನೂ ನೋಡಿದಳು, ಟೀಗೆ ನೀರಿಡಲು ಹೋದಳು.

"ಕೊನೇ ಪ್ರಶ್ನೆ ಖಾಲಿ ಬಿಟ್ಟಿದೀರಲ್ಲ," ಎಂದರು ಅತ್ತೆ. "'ನಿಮಗೆ ಏನು ಬರುತ್ತದೆ?' ಅಂತ ಕೇಳಿದಾರೆ."

"ಏನ್ ಬರೀಬೇಕೋ ಗೊತ್ತಾಗ್ಲಿಲ್ಲ."

ಅತ್ತೆ ಕನ್ನಡಕದ ಮೇಲಿನಿಂದ ಅವನ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. "ಹೊಲಿಗೆ ಬಿಚ್ಚೋಕೆ ಬರುತ್ತೆ ಅಂತ ಹಾಕ್ಲಾ?"

ಮಾಸ್ಟರ್ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಹೂಂ ಎಂದು ತಲೆಯಾಡಿಸಿದ. ಅತ್ತೆ ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತತೊಡಗಿದರು.